ದತ್ತು ತಾಯಿಯಾಗುವುದು ಹೇಗೆ? ಗಡಿನಾಡಿನ ಅಕ್ಕತಂಗಿಯರಿಗೆ

“ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಗು ಇದೆಯಂತೆ ಅಕ್ಕ, ಹೆತ್ತವಳಿಗೆ ಬೇಡವಂತೆ. ಛಾಪಾ ಕಾಗದದಲ್ಲಿ ಬರೆಸಿಕೊಂಡು ತರಬಹುದೇ?”

ಮಗಳು ನಮ್ಮ ಮನೆಗೆ ಬಂದ ಮೇಲೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮಂಜೇಶ್ವರ ಕಡೆಯ ಎಷ್ಟೋ ಹೆಂಗಸರು ನನ್ನಲ್ಲಿ ಈ ಪ್ರಶ್ನೆ ಕೇಳಿದ್ದಾರೆ. ತರಬೇಡಿ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಹೀಗೆ ಮಗುವನ್ನು ಕೊಡುವುದಕ್ಕೂ ಪಡೆಯುವುದಕ್ಕೂ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಹಣ ಕೈಬದಲಾಗಿ ಅದು ಮಾರಾಟವೆಂದಾದರೆ ಐದು ವರ್ಷದವರೆಗೆ. ನನ್ನ ಭಯ ಮಾತ್ರ ಜೈಲಿನದಲ್ಲ. ಆ ಮಗು ಒಂದು ದಿನ “ನಾನು ಇಲ್ಲಿಗೆ ಹೇಗೆ ಬಂದೆ?” ಎಂದು ಕೇಳಿಯೇ ಕೇಳುತ್ತದೆ. ಆಗ ಕಣ್ಣು ತಪ್ಪಿಸದೆ ಉತ್ತರ ಹೇಳಲು ಆಗಬೇಕು.

ಸರಿಯಾದ ದಾರಿಯಲ್ಲಿ, ಮಗುವನ್ನು ಒಪ್ಪಿಸಲು ಬಂದ ಹೆತ್ತಮ್ಮ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ ಹಾಕುತ್ತಾಳೆ. ಆಮೇಲೂ ಮನಸ್ಸು ಬದಲಾಯಿಸಲು ಅವಳಿಗೆ 60 ದಿನಗಳ ಕಾಲಾವಕಾಶವಿದೆ. ಆ ಅವಧಿ ಮುಗಿದ ನಂತರವೇ ಸಮಿತಿಯು ಮಗುವನ್ನು ದತ್ತು ಕೊಡಬಹುದೆಂದು ಘೋಷಿಸುವುದು. ಯಾರೋ ಬಿಟ್ಟುಹೋದ ಮಗು ಸಿಕ್ಕಿದರೆ ಮೊದಲು ಹೆತ್ತವರಿಗಾಗಿ ಹುಡುಕಾಟ ನಡೆಯುತ್ತದೆ. ಕಾಯುವ ನಮಗೆ ಈ ದಿನಗಳು ಭಾರವೆನಿಸುತ್ತವೆ, ನಿಜ. ಆದರೆ “ನಿನ್ನನ್ನು ಯಾರ ಮಡಿಲಿನಿಂದಲೂ ಕಿತ್ತು ತಂದದ್ದಲ್ಲ ಮಗಳೇ” ಎಂದು ನಾನು ಇಂದು ಧೈರ್ಯವಾಗಿ ಹೇಳುವುದು ಆ ದಿನಗಳ ಬಲದಿಂದಲೇ.

ಯಾರು ಅರ್ಜಿ ಹಾಕಬಹುದು?

ದಂಪತಿಯಾದರೆ ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯವಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಮದುವೆಯಾಗದ, ವಿಧವೆಯಾದ ಅಥವಾ ವಿಚ್ಛೇದನ ಪಡೆದ ಹೆಣ್ಣು ಒಬ್ಬಳೇ ಗಂಡು ಮಗುವನ್ನಾಗಲಿ ಹೆಣ್ಣು ಮಗುವನ್ನಾಗಲಿ ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. 2022ರ ದತ್ತು ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡಿರ ವಯಸ್ಸು ಕೂಡಿಸಿದರೆ 85 ಮೀರಬಾರದು, ಒಂಟಿಯಾಗಿದ್ದರೆ 40. ಮಗು ದೊಡ್ಡದಾದಷ್ಟು ಈ ಮಿತಿ ಸಡಿಲವಾಗುತ್ತದೆ. ಎಂಟು ದಾಟಿದ ಮಕ್ಕಳಿಗೆ ಅದು 110 ಮತ್ತು 55.

ಧರ್ಮದ ಅಡ್ಡಿ ಇಲ್ಲ. ನೆರೆಮನೆಯ ಬ್ಯಾರಿ ಅಕ್ಕನೊಬ್ಬರು ಇದು ಹಿಂದೂಗಳಿಗೆ ಮಾತ್ರ ಎಂದುಕೊಂಡು ವರ್ಷಗಳನ್ನು ಕಳೆದಿದ್ದರು. 1956ರ ಹಿಂದೂ ದತ್ತಕ ಕಾಯಿದೆ ಬೇರೆ, ಇದು ಬೇರೆ. ಬಾಲನ್ಯಾಯ ಕಾಯಿದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು, ಹಿಂದಿನ ಬಾಲನ್ಯಾಯ ಕಾಯಿದೆ ಇದ್ದಾಗಲೇ, 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿ ಮತ್ತು ಮನೆ ಭೇಟಿ

ಅರ್ಜಿ ಹಾಕುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ ಜಾಲತಾಣದಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅಕ್ಷಯ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. ಆದರೆ ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ, ಮುಂದೆ ಎಲ್ಲ ಸಂದೇಶಗಳೂ ಅದಕ್ಕೇ ಬರುತ್ತವೆ. ಆಧಾರ್, ಪಾನ್, ಮದುವೆ ಪ್ರಮಾಣಪತ್ರ, ಆದಾಯದ ದಾಖಲೆ, ವೈದ್ಯರ ಪ್ರಮಾಣಪತ್ರ, ಫೋಟೋ ಬೇಕು. ಅಡಿಕೆ ತೋಟದ ಆದಾಯ ತಿಂಗಳ ಸಂಬಳದಂತಲ್ಲ, ಹಾಗಾಗಿ ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ನೀವು ನಿಜವಾಗಿ ವಾಸಿಸುವ ವಿಳಾಸವನ್ನೇ ಕೊಡಿ. ಪುತ್ತೂರಿನ ತವರುಮನೆಯ ವಿಳಾಸ ಕೊಟ್ಟರೆ ಮನೆ ನೋಡಲು ಬರುವವರು ಅಲ್ಲಿಗೇ ಹೋಗುತ್ತಾರೆ!

ಇನ್ನೊಂದು ಮಾತು. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸುವ ಹಕ್ಕನ್ನು ನಮಗೆ ಕೊಟ್ಟಿದೆ. ಅರ್ಥವಾಗದ ಮಲಯಾಳ ಕಾಗದಕ್ಕೆ ಸಹಿ ಹಾಕಬೇಡಿ, ಕೇಳಿ ತಿಳಿದುಕೊಳ್ಳಿ.

ನಂತರ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ನಾನು ಹಿಂದಿನ ದಿನ ಅಂಗಳಕ್ಕೆ ಸೆಗಣಿ ಸಾರಿಸಿ, ಹೊಸ ಪರದೆ ಕಟ್ಟಿ ಕಾದಿದ್ದೆ. ಬಂದವರು ಪರದೆಯನ್ನು ನೋಡಲೇ ಇಲ್ಲ. ಅತ್ತೆಯ ಹತ್ತಿರ ಕುಳಿತು, “ಮಗುವಿನ ಜಾತಿ ಗೊತ್ತಾಗುವುದಿಲ್ಲ, ನಿಮಗೆ ಒಪ್ಪಿಗೆಯೇ?” ಎಂದು ಕೇಳಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನದಲ್ಲಿ ನನ್ನ ಜೀವವೇ ಹೋಗಿತ್ತು. ಮನೆಯ ಹಿರಿಯರೊಂದಿಗೆ ಈ ಮಾತನ್ನು ಅರ್ಜಿ ಹಾಕುವ ಮೊದಲೇ ಆಡಿ ಮುಗಿಸಿ. ಕೆಲವರಿಗೆ ಒಪ್ಪಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ, ಬೇಕಾಗಲಿ. ಮಗು ಬಂದ ಮೇಲೆ ಅದರ ಕಿವಿಗೆ ಬೀಳುವುದಕ್ಕಿಂತ ಅದು ಎಷ್ಟೋ ಮೇಲು.

ಮನೆ ನೋಡಿ ಅವರು ಬರೆಯುವ ವರದಿಯ ಶುಲ್ಕ 6,000 ರೂಪಾಯಿ. ಕೊಟ್ಟ ಪ್ರತಿ ಹಣಕ್ಕೂ ರಶೀದಿ ಪಡೆಯಿರಿ. ನಿಗದಿಯಾದ ಶುಲ್ಕದ ಹೊರತು “ದೇಣಿಗೆ” ಕೇಳುವ ಅಧಿಕಾರ ಯಾರಿಗೂ ಇಲ್ಲ.

ಕಾಯುವಿಕೆ, ಆಮೇಲೆ 48 ಗಂಟೆ

ಹಸುಗೂಸು ಬೇಕೆನ್ನುವವರು ಮೂರು ವರ್ಷವೋ ಅದಕ್ಕಿಂತ ಹೆಚ್ಚೋ ಕಾಯಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ದೊಡ್ಡ ಮಕ್ಕಳಿಗೆ, ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ಸರದಿ ಬೇಗ ಬರುತ್ತದೆ. ಬೇಗ ಸಿಗುತ್ತದೆಂಬ ಕಾರಣಕ್ಕೆ ಮಾತ್ರ ಅದನ್ನು ಆರಿಸಬೇಡಿ.

ಸರದಿ ಬಂದಾಗ ಒಂದು ಮಗುವಿನ ಫೋಟೋ, ಆರೋಗ್ಯ ವರದಿ, ಮಗುವಿನ ಹಿನ್ನೆಲೆಯ ವರದಿ ಬರುತ್ತವೆ. 48 ಗಂಟೆಯೊಳಗೆ ಕಾದಿರಿಸಬೇಕು. ಆರೋಗ್ಯ ವರದಿಯನ್ನು ನಿಮ್ಮ ಮಕ್ಕಳ ವೈದ್ಯರಿಗೆ ತೋರಿಸಿ. ಒಪ್ಪಿ, ಮಗುವನ್ನು ಕಂಡ ಮೇಲೆ ಅಂತಿಮ ಆದೇಶಕ್ಕೆ ಮೊದಲೇ ಮನೆಗೆ ಕರೆತರಬಹುದು. ಆದೇಶ ಕೊಡುವುದು 2022ರ ಸೆಪ್ಟೆಂಬರ್‌ನಿಂದ ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಅದರ ಆಧಾರದ ಮೇಲೆ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ ಸಿಗುತ್ತದೆ. ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗುವಿನ ಯೋಗಕ್ಷೇಮ ವಿಚಾರಿಸಲು ಬರುತ್ತಾರೆ.

ಕರೆದುಕೊಂಡು ಬರುವಾಗ

ನಮ್ಮ ಮಗಳಿಗೆ ಆಗ ಮೂರೂವರೆ ವರ್ಷ, ಬರುತ್ತಿದ್ದುದು ಮಲಯಾಳ ಮಾತ್ರ. ಎಷ್ಟು ಗಂಟೆಗೆ ಮಲಗುತ್ತಾಳೆ, ಏನು ತಿನ್ನುತ್ತಾಳೆ, ಯಾವ ಆಯಾ ಇಷ್ಟ ಎಂದೆಲ್ಲ ಅಲ್ಲಿನವರಲ್ಲಿ ಕೇಳಿ ಬರೆದುಕೊಂಡೆ. ಅವಳು ಹೊದ್ದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನೂ ಬೇಡಿ ತಂದೆ, ಕೆಲವು ವಾರ ಒಗೆಯಲಿಲ್ಲ. ಗೊತ್ತಿದ್ದ ವಾಸನೆ ಅದೊಂದೇ. ರಾತ್ರಿ “ಪೇಡಿ” ಎಂದು ಅಳುತ್ತಿದ್ದಳು, ಹೆದರಿಕೆ ಎಂದು. ನಾನೂ ಮಲಯಾಳದಲ್ಲೇ ಸಮಾಧಾನ ಮಾಡುತ್ತಿದ್ದೆ. ಕನ್ನಡ ತಾನಾಗಿ ಬಂತು, ತುಳು ಅಂಗನವಾಡಿಯಿಂದ ಬಂತು. ಹೆಸರನ್ನು ನಾವು ಬದಲಾಯಿಸಲಿಲ್ಲ, ಅದು ಅವಳದು.

ದತ್ತಿನ ವಿಷಯವನ್ನು ಮುಚ್ಚಿಡಬೇಡಿ. ನಾವು ಮೊದಲ ವಾರದಿಂದಲೇ ಕಥೆಯಂತೆ ಹೇಳುತ್ತಾ ಬಂದೆವು. ಕಾಗದಗಳೆಲ್ಲ ಕಪಾಟಿನಲ್ಲಿ ಒಂದು ನೀಲಿ ಕಡತದಲ್ಲಿವೆ. ಈಗ ಅವಳಿಗೆ ಒಂಬತ್ತು. ಕಳೆದ ತಿಂಗಳು ಕಡತ ತೆಗೆಸಿ, ಆ ಮೊದಲ ಫೋಟೋವನ್ನು ಬಹಳ ಹೊತ್ತು ನೋಡಿ, “ಅಮ್ಮ, ಇವಳಿಗೆ ಆಗ ಪೇಡಿ ಇತ್ತಲ್ಲವೇ?” ಎಂದು ಕೇಳಿದಳು. ಇತ್ತು ಮಗಳೇ, ನನಗೂ ಇತ್ತು ಎಂದೆ.