ವೀಪಿಂಗ್ ಮಲ್ಬರಿಗೆ ಆರಡಿ ಎತ್ತರದ ಕಸಿ: ನನ್ನ ಅನುಭವ

ಕೊಂಬೆಗಳು ಕೆಳಕ್ಕೆ ಇಳಿಬೀಳುವ ಹಿಪ್ಪುನೇರಳೆಯೇ ವೀಪಿಂಗ್ ಮಲ್ಬರಿ. ಅದರ ಕಡ್ಡಿ ನೆಟ್ಟರೆ ಅದು ಮೇಲೇಳದೆ ನೆಲದ ಮೇಲೇ ಹರಡುತ್ತದೆ. ಕೊಡೆಯಂತೆ ಇಳಿಬೀಳಬೇಕಾದರೆ ನೆಟ್ಟಗಿನ ಕಾಂಡದ ತುದಿಗೇ ಕಸಿ ಕಟ್ಟಬೇಕು. ಹಾಲು ಸುರಿಸುವ ಗಿಡ, ಅಷ್ಟೆತ್ತರದಲ್ಲಿ ಹಿಡಿಯುವುದಿಲ್ಲ ಎಂದವರೇ ಹೆಚ್ಚು. ರೇಷ್ಮೆ ಬೆಳೆಗಾರರ ಹತ್ತಿರ ಸಿಗುವ ವಿ-1 ಎಂಬ ಹಿಪ್ಪುನೇರಳೆ ತಳಿಯ ಕಡ್ಡಿಯನ್ನೇ ಬೇರುಗಿಡ ಮಾಡಿಕೊಂಡೆ. ಮೊದಲ ಸಲ 40ರಲ್ಲಿ ಆರೋ ಏಳೋ ಹಿಡಿದವು. ಈಗ 30ಕ್ಕೆ ಕಡಿಮೆ ಇಲ್ಲ.

ಕಾಂಡ ಕಡಿದ ತಕ್ಷಣ ಕಟ್ಟಿದ್ದೇ ಮೊದಲ ತಪ್ಪು. ಸೀಳಿನಲ್ಲಿ ಹಾಲು ತುಂಬಿ, ಕುಡಿ (ಕಸಿ ಕಟ್ಟುವ ವೀಪಿಂಗ್ ಮಲ್ಬರಿ ಕಡ್ಡಿ) ಕಪ್ಪಾಗಿ ಒಣಗುತ್ತಿತ್ತು. ಈಗ ವಾರ ಮೊದಲೇ ನೀರು ನಿಲ್ಲಿಸುತ್ತೇನೆ. ಹಿಂದಿನ ದಿನ ಬೇಕಾದ್ದಕ್ಕಿಂತ ಒಂದು ಗೇಣು ಮೇಲೆ ಕಡಿದು ಹಾಲು ಸೋರಲು ಬಿಡುತ್ತೇನೆ. ಮಾರನೆಯ ದಿನ ಸರಿಯಾದ ಎತ್ತರಕ್ಕೆ ಕಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿ ಸೀಳುತ್ತೇನೆ. ಕುಡಿಯ ಎಲೆಯನ್ನು ಹತ್ತು ದಿನ ಮುಂಚೆ ತಾಯಿಗಿಡದಲ್ಲೇ ಸವರಿ ತೊಟ್ಟು ಬಿಡಬೇಕು. ತೊಟ್ಟು ಮುಟ್ಟಿದರೆ ಉದುರುವಷ್ಟರಲ್ಲಿ ಚಿಗುರೊಡೆಯುವ ಕಣ್ಣು ಉಬ್ಬಿರುತ್ತದೆ. ಪೆನ್ಸಿಲ್ ದಪ್ಪ, 3 ಕಣ್ಣು ಸಾಕು. ಸಂಕ್ರಾಂತಿ ಕಳೆದು ಚಳಿ ಇಳಿಯುವ ಹೊತ್ತು ಒಳ್ಳೆಯದು.

ಹೆಬ್ಬೆರಳು ದಪ್ಪದ ಕಾಂಡಕ್ಕೆ ಎದುರುಬದುರಾಗಿ ಎರಡು ಕುಡಿ ಇಡಿ. ಒಂದೇ ಇಟ್ಟರೆ ಕೊಡೆ ಒಂದು ಕಡೆಗೆ ವಾಲುತ್ತದೆ, ಆಮೇಲೆ ಸವರಿ ಸರಿಮಾಡಲು ಎರಡು ವರ್ಷ ಬೇಕು. ಗಾಯಕ್ಕೆ ಹಚ್ಚುವ ಮೇಣದಲ್ಲಿ ಏನು ಬೆರೆಸುತ್ತೇನೆಂಬುದು ನನ್ನಲ್ಲೇ ಇರಲಿ. ಬರಿಯ ಜೇನುಮೇಣದಲ್ಲೂ ಕೆಲಸ ನಡೆಯುತ್ತದೆ. ಕಸಿಯ ಕೆಳಗೆ ವಿ-1 ಚಿಗುರು ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಬೆರಳಲ್ಲೇ ಉಜ್ಜಿ ತೆಗೆಯದಿದ್ದರೆ ಅದೇ ಮರವಾಗಿ ಕಸಿ ಸೊರಗುತ್ತದೆ.

ಸವರುವಾಗ ಕೆಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಕೊಂಬೆಗಳು ಕಾಂಡಕ್ಕೇ ಅಂಟಿಕೊಂಡು ಪೊರಕೆಯಾಗುತ್ತವೆ. ಬಾಗಿದ ಕೊಂಬೆಯ ಬೆನ್ನಿನ ಮೇಲೆ, ಹೊರಕ್ಕೆ ನೋಡುವ ಕಣ್ಣು ಉಳಿಸಿ ಕತ್ತರಿಸಿ. ಅಲ್ಲಿಂದ ಎದ್ದ ಚಿಗುರು ಒಂದು ಮೊಳ ಮುಂದೆ ಹೋಗಿ ಬಾಗುತ್ತದೆ, ಕೊಡೆ ಅಗಲವಾಗುತ್ತದೆ.

3 ಮತ್ತು 6 ಅಡಿಯಲ್ಲಿ ಎರಡು ಅಂತಸ್ತಿನ ಕಸಿಯನ್ನೂ ಮಾಡಿ ನೋಡಿದೆ. ನೆರಳಿಗೆ ಕೆಳಗಿನದು ಬಡವಾಯಿತು.

ತುಕ್ರಾ (ಹಿಟ್ಟುತಿಗಣೆಯಿಂದ ಎಲೆ ಮುರುಟುವ ರೋಗ) ಬಂದ ತುದಿಗಳನ್ನು ಕತ್ತರಿಸಿ ಸುಡಿ. ಹತ್ತಿರದಲ್ಲಿ ರೇಷ್ಮೆಹುಳು ಸಾಕುವವರಿದ್ದರೆ ಔಷಧಿ ಸಿಂಪಡಿಸಲೇಬೇಡಿ. ಹಣ್ಣಿನ ಕಲೆ ಕಲ್ಲುಹಾಸಿನಿಂದ ಹೋಗದು, 10 ಅಡಿ ದೂರ ನೆಡಿ. ಗಿಡವೊಂದಕ್ಕೆ ಎರಡು ವರ್ಷದಲ್ಲಿ ಸುಮಾರು 250 ರೂಪಾಯಿ ಬಿತ್ತು, ಆಸರೆ ಕೋಲೂ ಸೇರಿ. ಕೋಲನ್ನು ಮೂರನೆಯ ಮಳೆಗಾಲದವರೆಗೆ ಕೀಳಬೇಡಿ: ಎಲೆ ತುಂಬಿದ ಕೊಡೆ ಮಳೆ ನೀರು ಹಿಡಿದಾಗ ಕಸಿಯ ಗಂಟಲ್ಲೇ ಮುರಿಯುತ್ತದೆ.