ಲೋಕಲ್ ಗಾಡಿಯ ದಿನಚರಿಯೊಳಗೆ ಒಂದು ಒಳ್ಳೆಯ ಅಭ್ಯಾಸವನ್ನು ನೆಲೆಗೊಳಿಸುವುದು ಹೇಗೆ?

ಮುಂಬಯಿಯಲ್ಲಿ ದುಡಿಯುವವರಿಗೆ ಆರೋಗ್ಯದ ಹೆಸರಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಈ ಊರಿನ ಗಡಿಯಾರವನ್ನು ನೋಡದೆ ಹೇಳಿದಂಥವು. ಡೊಂಬಿವಲಿಯಲ್ಲೋ ನಾಲಾಸೋಪಾರಾದಲ್ಲೋ ಮನೆ, ಫೋರ್ಟಿನಲ್ಲೋ ಲೋವರ್ ಪರೇಲಿನಲ್ಲೋ ಕಚೇರಿ ಇರುವವರಿಗೆ ಹೋಗಿಬರುವುದರಲ್ಲೇ ದಿನದ ದೊಡ್ಡ ಪಾಲು ಸಂದುಹೋಗುತ್ತದೆ. ಅಂಥವರು ನಸುಕಿನಲ್ಲಿ ಎದ್ದು ಒಂದು ಗಂಟೆ ಯೋಗಾಸನ, ಅರ್ಧ ಗಂಟೆ ಧ್ಯಾನ ಎಂದು ಶುರುಮಾಡಿ, ಎರಡನೆಯ ವಾರಕ್ಕೆ ಅದು ನಿಂತಾಗ, ತಮಗೆ ಮನೋಬಲವಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ತಪ್ಪು ಯೋಜನೆಯದು. ಈ ಊರಿನಲ್ಲಿ ಬಿಡುವಿನ ಸಮಯವನ್ನು ಹುಡುಕಿ ಅದರಲ್ಲಿ ಅಭ್ಯಾಸವನ್ನು ಕೂರಿಸುತ್ತೇನೆಂದರೆ ಅದು ಆಗುವ ಮಾತಲ್ಲ. ಆದರೆ ಇಲ್ಲಿನ ದಿನಕ್ಕೆ ಬೇರೆ ಊರುಗಳ ದಿನಕ್ಕಿಲ್ಲದ ಒಂದು ಅನುಕೂಲವಿದೆ: ನಳ್ಳಿಯಲ್ಲಿ ನೀರು ಬರುವ ಹೊತ್ತು, ಗಾಡಿ ಹಿಡಿಯುವ ಹೊತ್ತು, ಊಟದ ಡಬ್ಬಾ ಬಿಚ್ಚುವ ಹೊತ್ತು, ಹಾಲಿನವನು ಬರುವ ಹೊತ್ತು ಎಲ್ಲವೂ ಗೊತ್ತಾದವು, ಅಷ್ಟು ಸುಲಭಕ್ಕೆ ಅದಲುಬದಲಾಗದವು. ಹೊಸ ಅಭ್ಯಾಸಕ್ಕೆ ಬೇಕಾದದ್ದು ಮುಖ್ಯವಾಗಿ ಇಂಥ ಗೊತ್ತಾದ ಹೊತ್ತುಗಳೇ.

ಮೊದಲು ಒಂದನ್ನೇ ಆರಿಸಿ, ಅದನ್ನು ಕೆಲಸವಾಗಿ ಬರೆಯಿರಿ

ತೂಕ ಇಳಿಸಬೇಕು, ಸಿಟ್ಟು ಕಡಿಮೆ ಮಾಡಬೇಕು, ಸಕ್ಕರೆ ಕಾಯಿಲೆ ಬರದಂತೆ ನೋಡಿಕೊಳ್ಳಬೇಕು ಎಂಬುವು ಆಸೆಗಳು. ಇವತ್ತು ಇಂಥ ಹೊತ್ತಿಗೆ ಏನು ಮಾಡಬೇಕೆಂಬುದನ್ನು ಅವು ಹೇಳುವುದಿಲ್ಲ. ‘ರಾತ್ರಿಯ ಊಟವಾದ ಮೇಲೆ ಸೊಸೈಟಿಯ ಆವರಣದಲ್ಲಿ ಹತ್ತು ನಿಮಿಷ ನಡೆಯುತ್ತೇನೆ’ ಎಂಬುದು ಕೆಲಸ. ಮಾಡಿದೆವೋ ಇಲ್ಲವೋ ಎಂಬುದು ಮಲಗುವ ಮೊದಲೇ ತಿಳಿಯುತ್ತದೆ. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ಒಪ್ಪಿಗೆಯಾಗದು: ಎಲ್ಲಕ್ಕಿಂತ ಅಗತ್ಯವಾದದ್ದನ್ನಲ್ಲ, ಮಾಡಲು ನಿಮಗೆ ಎಲ್ಲಕ್ಕಿಂತ ಕಡಿಮೆ ಬೇಸರವಾಗುವುದನ್ನು ಆರಿಸಿ. ವೈದ್ಯರು ತಡಮಾಡದೆ ಬಿಡಬೇಕೆಂದು ಹೇಳಿರುವ ತಂಬಾಕಿನಂಥವನ್ನು ಬಿಟ್ಟರೆ, ಉಳಿದೆಲ್ಲದರಲ್ಲಿ ಮೊದಲ ಅಭ್ಯಾಸ ನಿಂತಿತೆಂಬ ಧೈರ್ಯವೇ ಎರಡನೆಯದಕ್ಕೆ ಬಂಡವಾಳ. ಮತ್ತೊಂದು ಮಾತು, ಮನೆಯವರ ಅಭ್ಯಾಸವನ್ನು ನೀವು ಆರಿಸಬೇಡಿ. ಗಂಡನಿಗಾಗಿ ಹೆಂಡತಿ, ಮಾವನಿಗಾಗಿ ಸೊಸೆ ಗೊತ್ತುಮಾಡಿದ ನಡಿಗೆಗಳು ಮಳೆಗಾಲದ ಮೊದಲ ಹನಿಗೆ ನಿಂತುಹೋಗುತ್ತವೆ.

ಗೂಟಕ್ಕೆ ಕಟ್ಟಿ

ಹೊಸ ಕರುವನ್ನು ಆಗಲೇ ನೆಲದಲ್ಲಿ ಗಟ್ಟಿಯಾಗಿ ನಿಂತಿರುವ ಗೂಟಕ್ಕೆ ಕಟ್ಟುವಂತೆ, ಹೊಸ ಅಭ್ಯಾಸವನ್ನು ದಿನವೂ ತಪ್ಪದೆ ನಡೆಯುವ ಒಂದು ಹಳೆಯ ಕೆಲಸಕ್ಕೆ ಕಟ್ಟಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಇದರ ತಿರುಳಿದೆ: ‘ಇದನ್ನು ಮಾಡುತ್ತೇನೆ’ ಎಂದು ನಿರ್ಧರಿಸಿದವರಿಗಿಂತ, ‘ಇಂಥದು ನಡೆದಾಗ ಇದನ್ನು ಮಾಡುತ್ತೇನೆ’ ಎಂದು ಹೊತ್ತು ಮತ್ತು ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಂಡವರು ನಿರ್ಧಾರವನ್ನು ನಡೆಸುವುದು ಹೆಚ್ಚು. ಆ ಕ್ಷಣ ಬಂದಾಗ ಮಾಡಲೋ ಬೇಡವೋ ಎಂದು ಯೋಚಿಸುವ ಕೆಲಸ ಉಳಿಯುವುದಿಲ್ಲ, ಸಂದರ್ಭವೇ ನೆನಪಿಸುತ್ತದೆ.

ಗೂಟ ಎಲ್ಲಿದೆಯೆಂದು ತಿಳಿಯಲು ನಿಮ್ಮ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಕಾಗದದ ಮೇಲೆ ಬರೆದು ನೋಡಿ. ಗಾಡಿಯಲ್ಲಿ ಹೋಗುವವರಿಗೆ ಸ್ಟೇಷನ್ನಿನ ಎಸ್ಕಲೇಟರಿನ ಬುಡ ಒಂದು ಗೂಟ: ಅದರ ಮುಂದೆ ಬಂದಾಗ ಪಕ್ಕದ ಮೆಟ್ಟಿಲು ಹತ್ತುವುದು. ಸೀಟು ಸಿಕ್ಕ ಕ್ಷಣ ಇನ್ನೊಂದು: ಮೊಬೈಲು ತೆಗೆಯುವ ಮೊದಲು ಎರಡು ಸ್ಟೇಷನ್‌ಗಳ ನಡುವಿನಷ್ಟು ಹೊತ್ತು ಕಣ್ಣುಮುಚ್ಚಿ ಉಸಿರನ್ನು ನಿಧಾನವಾಗಿ ಬಿಡುವುದು. ಸೀಟು ಸಿಗದವರಿಗೆ ಇದು ನಡೆಯದು, ಆದ್ದರಿಂದ ಕಿಕ್ಕಿರಿದ ವಿರಾರ್ ಫಾಸ್ಟ್ ಗಾಡಿ ಹಿಡಿಯುವವರು ಬೇರೆ ಗೂಟ ನೋಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿರುವ ಗೃಹಿಣಿಗೆ ಕುಕ್ಕರ್ ಒಲೆಗಿಟ್ಟ ಹೊತ್ತು ಒದಗುತ್ತದೆ. ಸೀಟಿ ಕೂಗುವವರೆಗಿನ ಹತ್ತು ನಿಮಿಷದಲ್ಲಿ ಗೋಡೆಗೆ ಕೈಯೂರಿ ಮಾಡುವ ದಂಡ, ಕುರ್ಚಿಯಿಂದ ಎದ್ದು ಕೂರುವ ಕಸರತ್ತು ಮುಗಿಯುತ್ತವೆ. ಹೋಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ದುಡಿಯುವವರಿಗೆ ಬೆಳಗಿನ ಸಲಹೆಗಳು ಕೆಲಸಕ್ಕೆ ಬಾರವು. ಅವರ ದಿನದ ಗಟ್ಟಿ ಗೂಟವೆಂದರೆ ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿ ಸಂಜೆಯ ಚಹಾ ಶುರುವಾಗುವ ನಡುವಿನ ಬಿಡುವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೇಲೆ ಬಂದ ಹಿಂದಿನ ತಲೆಮಾರಿನ ಹುಡುಗರೂ ತಮ್ಮ ಓದನ್ನು ಹೀಗೆಯೇ ಒಂದು ಗೊತ್ತಾದ ಹೊತ್ತಿಗೆ ಕಟ್ಟಿಕೊಂಡಿದ್ದರು.

ಮುಂಬಯಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಪ್ರತ್ಯೇಕ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: ‘ಮಳೆಯಿದ್ದರೆ ಆವರಣದ ಬದಲು ಕಟ್ಟಡದ ಮೊಗಸಾಲೆಯಲ್ಲಿ ಅಷ್ಟೇ ಹೊತ್ತು ನಡೆಯುತ್ತೇನೆ.’ ಇದನ್ನು ಬರೆಯದಿದ್ದರೆ ನಾಲ್ಕು ತಿಂಗಳ ರಜೆ ತಾನಾಗಿಯೇ ಮಂಜೂರಾಗುತ್ತದೆ.

ಅಳತೆ ಚಿಕ್ಕದಿರಲಿ

ಗಾಡಿ ತಪ್ಪಿದ ದಿನ, ತಲೆನೋವಿನ ದಿನ, ಅತಿಥಿಗಳು ಬಂದ ದಿನವೂ ಮಾಡಬಹುದಾದಷ್ಟೇ ಮೊದಲ ಅಳತೆಯಾಗಿರಬೇಕು. ಹತ್ತು ನಿಮಿಷ ಕಷ್ಟವಾದರೆ ಐದು, ಐದೂ ಕಷ್ಟವಾದರೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿಬರುವುದು. ಇಷ್ಟು ಚಿಕ್ಕದರಿಂದ ಆರೋಗ್ಯಕ್ಕೆ ಏನು ಪ್ರಯೋಜನ ಎಂದು ಕೇಳುವವರು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ನು ನೋಡಬಹುದು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ಅದು ಹೇಳುತ್ತದೆ, ಜೊತೆಗೆ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಿಂದಿನ ಷರತ್ತನ್ನು ಕೈಬಿಟ್ಟಿದೆ. ಅಂದರೆ ಸ್ಟೇಷನ್ನಿನ ಸೇತುವೆಯ ಮೇಲಿನ ಮೂರು ನಿಮಿಷ, ರಿಕ್ಷಾ ಹಿಡಿಯದೆ ಬಿರುಸಾಗಿ ನಡೆದ ಏಳು ನಿಮಿಷ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಕೂಡಿದರೆ ವಾರದ ಕನಿಷ್ಠ ಗುರಿ ಮುಟ್ಟಿದಂತೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯಿಂದ ಹೆದರಿ ಹಿಂದೆ ಸರಿದವರು ಅನೇಕರು. ಆ ಸಂಖ್ಯೆ ಬಂದದ್ದು ವೈದ್ಯರ ಸಂಶೋಧನೆಯಿಂದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಅದೇ ಹೆಸರಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಯಂತ್ರದಿಂದ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ ಹಿರಿಯ ಮಹಿಳೆಯರ ಬಗ್ಗೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು, ಮತ್ತು ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಇಂಥ ಅಧ್ಯಯನ ಕಾರಣವನ್ನು ಸಾಧಿಸಿ ತೋರಿಸುವುದಿಲ್ಲ, ಸಂಬಂಧವನ್ನಷ್ಟೇ ತೋರಿಸುತ್ತದೆ. ಆದರೂ ಮನೆಯಿಂದ ಸ್ಟೇಷನ್, ಸ್ಟೇಷನ್ನಿನಿಂದ ಕಚೇರಿ ನಡೆದುಹೋಗುವವರು ತಾವು ಏನೂ ಮಾಡುತ್ತಿಲ್ಲವೆಂದು ಕೊರಗಬೇಕಾಗಿಲ್ಲ.

ಕೈಗೆ ಸಿಗುವುದನ್ನು ಬದಲಿಸಿ

ತಿನ್ನುವ ವಿಷಯದಲ್ಲಿ ನಿರ್ಧಾರಕ್ಕಿಂತ ಕೈಯಳತೆಯಲ್ಲಿ ಏನಿದೆ ಎಂಬುದು ಹೆಚ್ಚು ನಡೆಯುತ್ತದೆ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚದೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರಾವಳಿಯಿಂದ ಬಂದ ನಮ್ಮ ಮನೆಗಳಲ್ಲಿ ಗಂಜಿಯ ಜೊತೆ ಉಪ್ಪಿನಕಾಯಿ, ಸಾರಿನ ಜೊತೆ ಹಪ್ಪಳ, ಮಳೆಗಾಲಕ್ಕೆ ಒಣಮೀನು. ಸಂಜೆ ಗಾಡಿಯಿಂದ ಇಳಿದ ಮೇಲೆ ಕರಿದ ಖಾರದ ತಿಂಡಿಗಳ ಫರಸಾಣ್ ಅಂಗಡಿ ಬೇರೆ. ಇವನ್ನೆಲ್ಲ ಬಿಡಬೇಕೆಂದು ನಾನು ಹೇಳಲಾರೆ, ಹೇಳಿದರೂ ಯಾರೂ ಕೇಳುವುದಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಊಟದ ಮೇಜಿನಿಂದ ಕಪಾಟಿನ ಮೇಲಿನ ಹಲಗೆಗೆ ಸಾಗಿಸಿ, ಊಟಕ್ಕೆ ಮೊದಲೇ ಒಂದು ಹೋಳು ಬಡಿಸಿಕೊಂಡು ಮುಚ್ಚಳ ಹಾಕುವುದು ಸಾಕು. ಎರಡನೆಯ ಹೋಳಿಗಾಗಿ ಎದ್ದುಹೋಗುವವರು ಕಡಿಮೆ. ಚಹಾದ ಸಕ್ಕರೆಯನ್ನು ಒಮ್ಮೆಗೇ ಬಿಡದೆ, ಎರಡು ವಾರಕ್ಕೊಮ್ಮೆ ಕಾಲು ಚಮಚ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಕಚೇರಿಯ ಹೊರಗಿನ ಟಪರಿಯ, ಅಂದರೆ ಗೂಡಂಗಡಿಯ, ಕಟಿಂಗ್ ಚಹಾದಲ್ಲಿ ಸಕ್ಕರೆ ನಿಮ್ಮ ಕೈಯಲ್ಲಿಲ್ಲ, ಆದ್ದರಿಂದ ಅಲ್ಲಿ ಲೆಕ್ಕ ಹಾಕಬೇಕಾದದ್ದು ಲೋಟಗಳನ್ನು.

ನಿದ್ದೆಯೂ ಇದೇ ಸಾಲಿಗೆ ಸೇರಿದ್ದು. ವಯಸ್ಕರಿಗೆ ಏಳು ಗಂಟೆಯಾದರೂ ಬೇಕು. ಚಹಾ ಕಾಫಿಗಳ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುವುದರಿಂದ ಸಂಜೆ ಆರರ ಕಾಫಿ ರಾತ್ರಿ ಹನ್ನೊಂದರ ಹಾಸಿಗೆಯವರೆಗೆ ಬರುತ್ತದೆ. ಮೊಬೈಲಿನ ಚಾರ್ಜರನ್ನು ಅಡುಗೆಮನೆಯ ಪ್ಲಗ್ಗಿಗೆ ಸಾಗಿಸುವುದು ಒಂದೇ ಕೋಣೆಯ ಮನೆಯಲ್ಲೂ ಸಾಧ್ಯವಿರುವ ಉಪಾಯ.

ಎಷ್ಟು ದಿನ ಬೇಕು?

ಇಪ್ಪತ್ತೊಂದು ದಿನ ಎಂಬ ಮಾತು ಎಲ್ಲೆಡೆ ಹರಿದಾಡುತ್ತಿದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಷ್ಟು ದಿನ ಹಿಡಿಯುತ್ತದೆಂದು 1960ರಲ್ಲಿ ಬರೆದದ್ದು ಬಾಯಿಂದ ಬಾಯಿಗೆ ಸಾಗುವಾಗ ‘ಕನಿಷ್ಠ’ ಎಂಬುದನ್ನು ಕಳೆದುಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಂತೆ, ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನವೂ ಹಿಡಿಯಬಹುದು. ನೀರು ಕುಡಿಯುವಂಥವು ಬೇಗ ನಿಂತವು, ಕಸರತ್ತಿಗೆ ಹೆಚ್ಚು ಕಾಲ ಹಿಡಿಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದು ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡ ವಿಷಯ.

ನಮ್ಮಲ್ಲಿ ವ್ರತ ಹಿಡಿಯುವ ರೂಢಿಯುಂಟು; ಅಯ್ಯಪ್ಪನ ಮಾಲೆ ಧರಿಸಿದವರು 41 ದಿನ ಕುಡಿತ ಸಿಗರೇಟುಗಳನ್ನು ಮುಟ್ಟದಿರುವುದನ್ನು ಇಲ್ಲಿನ ಬಡಾವಣೆಗಳಲ್ಲಿ ಕಾಣುತ್ತೇವೆ. ಅಷ್ಟು ದಿನ ನಡೆಯುವುದಕ್ಕೆ ಜೊತೆಗಾರರ ಗುಂಪು, ಮೈಮೇಲಿನ ಕಪ್ಪು ಬಟ್ಟೆ, ದಿನವೂ ಗೊತ್ತಾದ ಪೂಜೆಯ ಹೊತ್ತು ಎಲ್ಲವೂ ನೆರವಾಗುತ್ತವೆ. ಮಾಲೆ ಕಳಚಿದಂದು ಆ ನೆರವುಗಳೂ ಒಟ್ಟಿಗೆ ಕಳಚುವುದರಿಂದ ಕೆಲವರು ಹಳೆಯ ದಾರಿಗೆ ಮರಳುತ್ತಾರೆ. ವ್ರತಕ್ಕೆ ಮುಗಿಯುವ ದಿನವಿದೆ, ಅಭ್ಯಾಸಕ್ಕೆ ಅದನ್ನು ಗೊತ್ತುಮಾಡಬಾರದು. ಬದಲಿಗೆ ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೊಂದು ಗೀಟು ಎಳೆಯಿರಿ. ಒಂದು ಖಾಲಿ ಚೌಕ ಕಂಡರೆ ಚಿಂತಿಸಬೇಡಿ, ಎರಡು ಅಕ್ಕಪಕ್ಕ ಖಾಲಿ ಬೀಳದಂತೆ ನೋಡಿಕೊಳ್ಳಿ. ಒಂದು ವಾರದಲ್ಲಿ ಮೂರು ನಾಲ್ಕು ಖಾಲಿಯಾದರೆ ಗೂಟ ತಪ್ಪಾಗಿದೆ ಅಥವಾ ಅಳತೆ ದೊಡ್ಡದಾಗಿದೆ ಎಂದರ್ಥ. ಎರಡರಲ್ಲಿ ಒಂದನ್ನು ಬದಲಿಸಿ ಮುಂದುವರಿಯಿರಿ. ದಿನ ತಪ್ಪಿದ ಕೂಡಲೇ ಎಣಿಕೆಯನ್ನು ಸೊನ್ನೆಗೆ ಇಳಿಸುವ ಮೊಬೈಲ್ ಆ್ಯಪ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ.

ಜನರ ಸಂಗವನ್ನೂ ಅಭ್ಯಾಸವಾಗಿಸಿ

ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಅಧ್ಯಯನವೊಂದು ನೂರಾರು ಜನರನ್ನು ಯೌವನದಿಂದ ಮುಪ್ಪಿನವರೆಗೆ ಅನುಸರಿಸಿದೆ. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿಯಿದ್ದವರು ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರೆಂಬುದು ಅದರ ಮುಖ್ಯ ತಿಳಿವಳಿಕೆಗಳಲ್ಲಿ ಒಂದು. ಆದರೆ ಅಭ್ಯಾಸಗಳ ಪಟ್ಟಿ ಮಾಡುವವರು ನೀರು, ನಡಿಗೆ, ನಿದ್ದೆಗಳನ್ನು ಬರೆದು ಮನುಷ್ಯರನ್ನು ಮರೆಯುತ್ತಾರೆ. ಮುಂಬಯಿಯಲ್ಲಿ ಒಂಟಿತನಕ್ಕೆ ಜನ ಕಡಿಮೆಯೆಂಬ ಕಾರಣವಿಲ್ಲ. ಭೇಟಿಗೆ ಗೊತ್ತಾದ ಹೊತ್ತಿಲ್ಲದಿರುವುದೇ ಕಾರಣ. ‘ಒಮ್ಮೆ ಸಿಗೋಣ’ ಎಂಬುದು ಸಿಗದಿರುವುದಕ್ಕೆ ಇಟ್ಟ ಹೆಸರು. ಇಲ್ಲಿಯೂ ಗೂಟವೇ ಬೇಕು: ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ಊರಿನ ಅಮ್ಮನಿಗೋ ದೊಡ್ಡಪ್ಪನಿಗೋ ಫೋನು, ತಿಂಗಳ ಎರಡನೆಯ ಶನಿವಾರ ಸಂಜೆ ಮಾಟುಂಗಾದಲ್ಲಿ ಗೆಳೆಯರೊಂದಿಗೆ ಇಡ್ಲಿ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರಗಳ ಚಿಕ್ಕ ಕನ್ನಡ ಸಂಘಗಳವರೆಗೆ, ಗೊತ್ತಾದ ದಿನಕ್ಕೆ ಸೇರುವ ಭಜನಾ ಮಂಡಳಿ, ಯಕ್ಷಗಾನದ ತಾಳಮದ್ದಳೆ, ಪುಸ್ತಕದ ಮಾತುಕತೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದಕ್ಕೆ ವೇದಿಕೆಯ ಭಾಷಣ ಕೇಳಲು ಹೋಗುವುದಕ್ಕಿಂತ ಕುರ್ಚಿ ಹಾಕುವ, ಚಹಾ ಹಂಚುವ ಕೆಲಸ ವಹಿಸಿಕೊಂಡು ಹೋದರೆ ಪರಿಚಯ ಬೇಗ ಬೆಳೆಯುತ್ತದೆ ಎಂಬುದು ನನ್ನ ಅನುಭವ. ಪ್ರತಿದಿನ ಗಾಡಿಯ ಒಂದೇ ಡಬ್ಬಿಯಲ್ಲಿ ಪಯಣಿಸುವವರು ಸೊಪ್ಪು ಬಿಡಿಸುತ್ತಾ, ಭಜನೆ ಹಾಡುತ್ತಾ ಕಟ್ಟಿಕೊಂಡಿರುವ ಸ್ನೇಹವೂ ಇದಕ್ಕೆ ಕಡಿಮೆಯದಲ್ಲ.

ಹೆಚ್ಚಿಸುವಾಗ, ಮತ್ತು ಊರಿಗೆ ಹೋದಾಗ

ಗೀಟುಗಳು ಎರಡು ತಿಂಗಳು ಹೆಚ್ಚುಕಡಿಮೆ ತುಂಬಿದ ಮೇಲೆ, ನೆನಪಿಸಿಕೊಳ್ಳದೆಯೇ ಕಾಲು ಆವರಣದ ಕಡೆಗೆ ಹೊರಟಾಗ, ಅಳತೆಯನ್ನು ಹೆಚ್ಚಿಸಬಹುದು ಅಥವಾ ಎರಡನೆಯ ಅಭ್ಯಾಸವನ್ನು ಸೇರಿಸಬಹುದು. ಎರಡನ್ನೂ ಒಂದೇ ತಿಂಗಳಲ್ಲಿ ಮಾಡಬೇಡಿ. ಮಂಡಿನೋವು ಇರುವವರು, ಹೃದಯದ ತೊಂದರೆಯುಳ್ಳವರು ಮೆಟ್ಟಿಲು ಹತ್ತುವುದನ್ನು ಆರಂಭಿಸುವ ಮೊದಲು ವೈದ್ಯರನ್ನು ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟದ ಪ್ರಮಾಣವನ್ನು ತಾವಾಗಿಯೇ ಇಳಿಸಬಾರದು, ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಊರಿಗೆ ಹೋಗುವವರ ಅಭ್ಯಾಸಗಳು ಅಲ್ಲಿ ಮುರಿಯುವುದು ಸಹಜ, ಏಕೆಂದರೆ ಗಾಡಿಯೂ ಇಲ್ಲ, ಡಬ್ಬಾವೂ ಇಲ್ಲ, ಮದುವೆ ಗೃಹಪ್ರವೇಶಗಳ ಊಟಕ್ಕೆ ಹೊತ್ತುಗೊತ್ತಿಲ್ಲ. ಹೊರಡುವ ಮೊದಲೇ ಅಲ್ಲಿಗೆ ಒಂದು ಗೂಟ ಗೊತ್ತುಮಾಡಿಕೊಳ್ಳಿ: ಬೆಳಗಿನ ಕಾಫಿಯಾದ ಮೇಲೆ ತೋಟಕ್ಕೊಂದು ಸುತ್ತು ಹೋಗಿಬರುವುದಾದರೂ ಆದೀತು. ಅದೂ ನಡೆಯದಿದ್ದರೆ ಆ ಹದಿನೈದು ದಿನಗಳನ್ನು ಬಿಟ್ಟುಬಿಡಿ. ಮರಳಿ ಬಂದು ಕೆಲಸಕ್ಕೆ ಹೋದ ಮೊದಲ ದಿನವೇ, ಹೋಗುವ ಮುನ್ನ ತಲುಪಿದ್ದ ದೊಡ್ಡ ಅಳತೆಯನ್ನು ಮುಟ್ಟಲು ನೋಡದೆ, ಆರಂಭದ ಐದು ನಿಮಿಷದಿಂದ ಮತ್ತೆ ಶುರುಮಾಡಿ.