ಪಾಳು ಮಠ ನೋಡುವುದು ಹೇಗೆ? ಅಂಗಳದಿಂದ ಶುರುಮಾಡಿ, ಚರ್ಚು ಕೊನೆಗಿರಲಿ

ಇಂಗ್ಲೆಂಡಿನ ಲೀಡ್ಸ್, ಮ್ಯಾಂಚೆಸ್ಟರ್‌ಗಳಲ್ಲಿರುವ ಮಕ್ಕಳನ್ನು ನೋಡಲು ಹೋದ ಅಪ್ಪ–ಅಮ್ಮಂದಿರನ್ನು ಯಾರ್ಕ್‌ಶೈರ್‌ನ ಫೌಂಟನ್ಸ್ ಅಬೆ ಎಂಬ ಪಾಳು ಕ್ರೈಸ್ತ ಮಠಕ್ಕೆ ಕರೆದೊಯ್ಯುವುದು ವಾಡಿಕೆ. ಬಂದವರು ನೇರ ಗೋಪುರದ ಬುಡಕ್ಕೆ ಹೋಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ‘ಚೆನ್ನಾಗಿದೆ, ಆದರೆ ಬರೀ ಗೋಡೆ’ ಎಂದು ಕಾರು ಹತ್ತುತ್ತಾರೆ. ನಾಲ್ಕು ಶತಮಾನ ಸನ್ಯಾಸಿಗಳು ಬಾಳಿದ ಜಾಗವನ್ನು ಹೀಗೆ ಬಿಟ್ಟು ಬರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಗೋಡೆಗಳನ್ನು ಓದಲು ಬರುತ್ತದೆ. ಕಲಿಯಲು ಒಂದು ಬೆಳಗ್ಗೆ ಸಾಕು.

ಹಂತ 1: ತಲುಪುವುದು

ಹತ್ತಿರದ ಊರು ರಿಪನ್. ಅಲ್ಲಿಗೆ ರೈಲಿಲ್ಲ. ಲೀಡ್ಸ್‌ನಿಂದ ಹ್ಯಾರೊಗೇಟ್ ಮೂಲಕ 36ನೇ ನಂಬರಿನ ಬಸ್ ಹಿಡಿಯಿರಿ, ಮುಂದಿನ ಕೆಲವು ಕಿಲೋಮೀಟರ್‌ಗೆ ಟ್ಯಾಕ್ಸಿ. ಹುಲ್ಲು ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ, ಚಪ್ಪಲಿ ಬೇಡ. ಒಂದೇ ದಿನದಲ್ಲಿ ಮೂರು ಊರು ಸುತ್ತಿಸುವ ಪ್ಯಾಕೇಜ್ ಪ್ರವಾಸವನ್ನಂತೂ ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಇಂಥ ಮಠಕ್ಕೆ ಸಿಗುವುದು ಒಂದು ಗಂಟೆ, ಅದರಲ್ಲಿ ಅರ್ಧ ಶೌಚಾಲಯದ ಸಾಲಿನಲ್ಲೇ ಕಳೆಯುತ್ತದೆ.

ಹಂತ 2: ಇಷ್ಟು ಕಥೆ ತಿಳಿದಿರಲಿ

1132ರಲ್ಲಿ ಯಾರ್ಕ್‌ನ ಸೇಂಟ್ ಮೇರಿ ಮಠದ ಶಿಸ್ತು ಸಡಿಲವಾಯಿತೆಂದು ಮುನಿಸಿಕೊಂಡು ಹೊರಬಂದ 13 ಸನ್ಯಾಸಿಗಳು ಸ್ಕೆಲ್ ನದಿಯ ಕಣಿವೆಯಲ್ಲಿ ನೆಲೆಸಿದರು. ಕೆಲವೇ ವರ್ಷಗಳಲ್ಲಿ ಕಠಿಣ ನಿಯಮದ ಸಿಸ್ಟರ್ಶಿಯನ್ ಪಂಥಕ್ಕೆ ಸೇರಿದರು. ಮುಂದೆ ಕುರಿಯ ಉಣ್ಣೆ ಮಾರಿ ಮಠ ಸಿರಿವಂತವಾಯಿತು. 1539ರಲ್ಲಿ ಎಂಟನೇ ಹೆನ್ರಿಯ ಆಡಳಿತ ಅದನ್ನು ಮುಚ್ಚಿಸಿತು. 1986ರಿಂದ ಇದು ವಿಶ್ವ ಪರಂಪರೆಯ ತಾಣ.

ಹಂತ 3: ಅಂಗಳದ ನಡುವೆ ನಿಲ್ಲಿ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಚರ್ಚಿನ ಪಶ್ಚಿಮ ಬಾಗಿಲಿಗೆ ಮುಖಮಾಡಿ ನಿಂತರೆ ಬಲಕ್ಕೆ ಉದ್ದನೆಯ ಕಟ್ಟಡ ಕಾಣುತ್ತದೆ. ಅದರ ಆಚೆಗಿರುವ ಚೌಕಾಕಾರದ ಹುಲ್ಲಿನ ಅಂಗಳವೇ ಕ್ಲಾಯ್ಸ್ಟರ್. ನಮ್ಮ ತೊಟ್ಟಿಮನೆಯಂತೆ ನಡುವೆ ಆಕಾಶ, ಸುತ್ತ ಮಾಡಿನ ಜಗಲಿ. ಇಲ್ಲಿ ಜಗಲಿಯ ಕಮಾನುಗಳು ಬಿದ್ದುಹೋಗಿವೆ, ಚೌಕ ಮಾತ್ರ ಉಳಿದಿದೆ. ಅದರ ಮಧ್ಯೆ ನಿಂತು ಒಂದೊಂದು ದಿಕ್ಕಿಗೂ ತಿರುಗಿ.

ಉತ್ತರಕ್ಕೆ ಚರ್ಚು. ಎತ್ತರದ ಕಟ್ಟಡ ಉತ್ತರಕ್ಕಿದ್ದರೆ ಅದರ ನೆರಳು ಅಂಗಳಕ್ಕೆ ಬೀಳುವುದಿಲ್ಲ. ಬಿಸಿಲಿಗೆ ಹಂಬಲಿಸುವ ನಾಡಿನಲ್ಲಿ ಜಗಲಿಯಲ್ಲಿ ಕುಳಿತು ಓದುವವರಿಗೆ ಇದು ದೊಡ್ಡ ಅನುಕೂಲ.

ಪೂರ್ವಕ್ಕೆ ಮೂರು ಕಮಾನುಗಳ ಬಾಗಿಲು. ಅದರೊಳಗೆ ಸಭಾಗೃಹ. ದಿನವೂ ಬೆಳಿಗ್ಗೆ ಸಂತ ಬೆನೆಡಿಕ್ಟನ ನಿಯಮಾವಳಿಯ ಒಂದು ಅಧ್ಯಾಯ ಓದಿ, ತಪ್ಪೊಪ್ಪಿಗೆ ಕೇಳಿ, ಮಠದ ವ್ಯವಹಾರ ಚರ್ಚಿಸುತ್ತಿದ್ದುದು ಇಲ್ಲಿ. ನೆಲದಲ್ಲಿ ಮಠಾಧಿಪತಿಗಳ ಸಮಾಧಿಗಳಿವೆ, ನೋಡಿಕೊಂಡು ನಡೆಯಿರಿ. ಈಗ ತಲೆಯೆತ್ತಿ. ಮೇಲಿದ್ದ ಮಹಡಿಯಲ್ಲಿ ಸನ್ಯಾಸಿಗಳು ಮಲಗುತ್ತಿದ್ದರು. ಅಲ್ಲಿಂದ ನೇರ ಚರ್ಚಿಗೆ ಇಳಿಯುವ ದಾರಿ ಇತ್ತು. ನಡುರಾತ್ರಿ ಕಳೆದು ಪ್ರಾರ್ಥನೆಗೆ ಎದ್ದವರು ಆ ಚಳಿಯಲ್ಲಿ ಹೊರಗೆ ಹೋಗಬೇಕಿರಲಿಲ್ಲ.

ದಕ್ಷಿಣಕ್ಕೆ ಮೂರು ಕೋಣೆಗಳು. ಎಡಗಡೆಯದು ಬೆಂಕಿಯ ಕೋಣೆ. ಆರೋಗ್ಯವಂತ ಸನ್ಯಾಸಿಗೆ ಮೈ ಕಾಯಿಸಿಕೊಳ್ಳಲು ಇದ್ದ ಜಾಗ ಇದೊಂದೇ. ಅಲ್ಲಿನ ಅಗ್ಗಿಷ್ಟಿಕೆಯ ಗಾತ್ರ ನೋಡಿಯೇ ಮುಂದೆ ಹೋಗಿ. ನಡುವಿನದು ಭೋಜನಶಾಲೆ. ಅದರ ಬಾಗಿಲ ಅಕ್ಕಪಕ್ಕದ ಗೋಡೆಯಲ್ಲಿ ಕೈ ತೊಳೆಯುವ ತೊಟ್ಟಿಯ ಗುರುತಿದೆ. ಬಹುಪಾಲು ಜನ ಅದನ್ನು ಗಮನಿಸದೆ ದಾಟಿಬಿಡುತ್ತಾರೆ. ಒಳಗಿನ ಗೋಡೆಯಲ್ಲಿ ಒಂದು ಪೀಠದ ಅವಶೇಷವಿದೆ. ಉಳಿದವರು ಮಾತಿಲ್ಲದೆ ಉಣ್ಣುವಾಗ ಒಬ್ಬ ಅಲ್ಲಿ ನಿಂತು ಧರ್ಮಗ್ರಂಥ ಓದುತ್ತಿದ್ದ. ಮೂರನೆಯದು ಅಡುಗೆಮನೆ. ಇನ್ನೂ ದಕ್ಷಿಣಕ್ಕೆ ಇಳಿದರೆ ನದಿ. ಕುಡಿಯುವ ನೀರು, ಬಚ್ಚಲು, ಶೌಚ ಎಲ್ಲವನ್ನೂ ಹರಿವಿನ ದಿಕ್ಕು ನೋಡಿ ಕಟ್ಟಿದ್ದಾರೆ.

ಪಶ್ಚಿಮಕ್ಕೆ, ನೀವು ಮೊದಲೇ ಕಂಡ ಉದ್ದನೆಯ ಕಟ್ಟಡ. 90 ಮೀಟರಿಗೂ ಮಿಕ್ಕ ಉದ್ದ, ನಡುವೆ ಒಂದೇ ಸಾಲು ಕಂಬ, ಅದರಿಂದ ಎರಡೂ ಬದಿಗೆ ಕವಲೊಡೆಯುವ ಕಮಾನು ಛಾವಣಿ. ಇಡೀ ಮಠದಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಕೆಳಗೆ ಉಗ್ರಾಣ ಮತ್ತು ದುಡಿಯುವ ಸೋದರರ ಊಟದ ಮನೆ, ಮೇಲೆ ಅವರ ಮಲಗುವ ಜಾಗ. ಹೊಲ ಉತ್ತವರು, ಕುರಿ ಕಾಯ್ದವರು ಇವರು. ಮಠದ ಸಿರಿ ಇವರ ಬೆವರಿನದು. ಆದರೂ ಚರ್ಚಿನಲ್ಲಿ ಇವರಿಗೆ ಹಿಂಭಾಗದಲ್ಲಿ ಬೇರೆಯೇ ಜಾಗ.

ಈ ಸುತ್ತು ಮುಗಿಯುವವರೆಗೆ ಕಿವಿಗೆ ಇಯರ್‌ಫೋನ್ ಬೇಡ. ಎಷ್ಟೋ ಆ್ಯಪ್‌ಗಳು ಚರ್ಚಿನಿಂದಲೇ ಶುರುಮಾಡಿ ರಾಜರ ಕಥೆಯಲ್ಲಿ ಕಳೆದುಹೋಗುತ್ತವೆ. ಟಿಕೆಟ್ ಜಾಗದಲ್ಲಿ ಸಿಗುವ ನಕ್ಷೆಯನ್ನು ತಿರುಗಿಸಿ ತಿರುಗಿಸಿ ದಿಕ್ಕು ಹೊಂದಿಸಿಕೊಳ್ಳಿ, ಅದೇ ಒಳ್ಳೆಯ ಗುರು.

ಹಂತ 4: ಈಗ ಚರ್ಚು, ಗೋಪುರ

ಎತ್ತರದ ಕಲ್ಲಿನ ಗಂಟೆಗೋಪುರ ಕೂಡದು ಎನ್ನುವುದು ಈ ಪಂಥದ ಹಳೆಯ ನಿಯಮ. ಮಠಾಧಿಪತಿ ಮಾರ್ಮಡ್ಯೂಕ್ ಹ್ಯೂಬಿ 16ನೇ ಶತಮಾನದ ಆರಂಭದ ಹೊತ್ತಿಗೆ 50 ಮೀಟರಿನಷ್ಟು ಎತ್ತರದ ಗೋಪುರ ಎಬ್ಬಿಸಿದ. ಕೆಲವೇ ದಶಕಗಳಲ್ಲಿ ಮಠವೇ ಮುಚ್ಚಿತು. ಅಂಗಳ ನೋಡಿ ಬಂದವರಿಗೆ ಆ ಎತ್ತರದ ಅರ್ಥವೇ ಬೇರೆಯಾಗಿ ತೋರುತ್ತದೆ.

ಹಂತ 5: ನದಿಯ ಗುಂಟ ಸ್ಟಡ್ಲಿ ರಾಯಲ್ ಜಲೋದ್ಯಾನಕ್ಕೆ ನಡೆಯಿರಿ. ಸಮಯವಿಲ್ಲದಿದ್ದರೆ ಇದನ್ನು ಬಿಡಿ, ಅಂಗಳವನ್ನು ಬಿಡಬೇಡಿ.

ಬೇರೆ ಮಠಗಳಿಗೆ ಹೋದಾಗ

ಇದೇ ನಕ್ಷೆ ಯುರೋಪಿನ ಬಹುತೇಕ ಸಿಸ್ಟರ್ಶಿಯನ್ ಮಠಗಳಿಗೆ ಹೊಂದುತ್ತದೆ, ಸಣ್ಣ ಹೊಂದಾಣಿಕೆ ಮಾತ್ರ ಬೇಕು. ವೇಲ್ಸ್‌ನ ಟಿಂಟರ್ನ್‌ನಲ್ಲೂ ಫ್ರಾನ್ಸಿನ ಲ ತೊರೊನೆಯಲ್ಲೂ ಅಂಗಳ ಚರ್ಚಿನ ಉತ್ತರಕ್ಕಿದೆ, ಹಾಗಾಗಿ ಭೋಜನಶಾಲೆಯನ್ನು ಉತ್ತರದಲ್ಲಿ ಹುಡುಕಿ. ಫ್ರಾನ್ಸಿನ ಸೆನಾಂಕ್‌ನಲ್ಲಿ ಸನ್ಯಾಸಿಗಳು ಈಗಲೂ ಇದ್ದಾರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ, ಮೆಲುದನಿಯಲ್ಲಿ ಮಾತಾಡಿ, ಅವರ ಫೋಟೊ ತೆಗೆಯಬೇಡಿ. ಯಾರ್ಕ್‌ಶೈರ್‌ನದೇ ರೀವೋ ಅಬೆಗೆ ಹೋದರೆ ದಿಕ್ಸೂಚಿಯನ್ನು ನಂಬಬೇಡಿ. ಕಣಿವೆ ಇಕ್ಕಟ್ಟಾದ್ದರಿಂದ ಅಲ್ಲಿನ ಚರ್ಚು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಮಲಗಿದೆ. ಚರ್ಚಿನ ಪೂಜಾಪೀಠವಿದ್ದ ತುದಿಯನ್ನೇ ಪೂರ್ವ ಎಂದುಕೊಂಡು ನಡೆಯಿರಿ, ಮಿಕ್ಕ ಕೋಣೆಗಳೆಲ್ಲ ತಾವಿರಬೇಕಾದಲ್ಲೇ ಸಿಗುತ್ತವೆ.